ಹುರುಳಿಯ ಮೇಲೆ ರಿವರ್ಸ್ ಗೇರು

ನಮ್ಮ ಮನೆಯ ಹಳೇ ಕಾರಿನ ಬಾಗಿಲು ಹಾಕುವುದಕ್ಕೂ ಒಂದು ಕ್ರಮವಿತ್ತು. ಜೋರಾಗಿ ಬಡಿದರೆ ಆ ಕಡೆಯ ಬಾಗಿಲು ತೆರೆದುಕೊಳ್ಳುತ್ತಿತ್ತು, ಮೆಲ್ಲಗೆ ತಳ್ಳಿದರೆ ಮುಚ್ಚುತ್ತಲೇ ಇರಲಿಲ್ಲ. ನಮ್ಮ ಮಾವ ಅದನ್ನು ಸೊಂಟದಿಂದ ಒತ್ತುತ್ತಿದ್ದರು, ಹಸು ಅಡ್ಡ ನಿಂತಾಗ ಪಕ್ಕಕ್ಕೆ ಸರಿಸುವ ಹಾಗೆ. ಚನ್ನಪಟ್ಟಣಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಅಡುಗೆಮನೆಯ ಡಬ್ಬಗಳು ಎಲ್ಲೆಲ್ಲಿವೆ ಅಂತ ತಿಳಿದುಕೊಳ್ಳುವ ಮೊದಲೇ ಆ ಸೊಂಟದ ಒತ್ತು ಕಲಿತೆ.

ಕೆನೆ ಬಣ್ಣದ ಕಾರು. ದುಂಡು ದೀಪ, ಸ್ಟೀರಿಂಗಿನ ಕುತ್ತಿಗೆಯಲ್ಲೇ ಗೇರ್ ಕಡ್ಡಿ. ಮಾವನದು ಹಿಪ್ಪುನೇರಳೆ ತೋಟ. ರೇಷ್ಮೆ ಗೂಡು ಬಿಡಿಸಿದ ದಿನ ಕಾರಿನ ಹಿಂದಿನ ಸೀಟು ಕಳಚಿ ಜಗಲಿಗೆ ಬರುತ್ತಿತ್ತು, ಗೂಡಿನ ಚೀಲಗಳು ಕಾರಿನೊಳಕ್ಕೆ ಹೋಗಿ ರಾಮನಗರದ ಮಾರ್ಕೆಟ್ಟಿಗೆ ಹೊರಡುತ್ತಿದ್ದವು. ಅಷ್ಟು ಹೊತ್ತು ಮನೆಗೆ ಬಂದವರು ಜಗಲಿಯ ಮೇಲೆ ಕಾರಿನ ಸೀಟಿನಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ. ಹಾಗಾಗಿ ಕಾರಿನೊಳಗೆ ಯಾವಾಗಲೂ ಪೆಟ್ರೋಲು ಮತ್ತು ರೇಷ್ಮೆ ಗೂಡು ಬೆರೆತ ಒಂದು ವಾಸನೆ. ನಾನು ಎರಡು ಸಲ ಲ್ಯಾವೆಂಡರ್ ಪೌಡರ್ ಹಾಕಿ ನೋಡಿದೆ. ವಾಸನೆ ಮೂರಾಯಿತು, ಅಷ್ಟೇ.

ನನ್ನ ಯಜಮಾನರಿಗೆ ಹೈವೇ ಪಕ್ಕ ಹಾರ್ಡ್‌ವೇರ್ ಅಂಗಡಿ. ಮೊದಲು ಗುದ್ದಲಿ, ಹಗ್ಗ, ಕೊಡ ಮಾರುತ್ತಿದ್ದರು. ಆಮೇಲೆ ಬಿಡದಿ ಕಡೆಯಿಂದ ಒಂದೊಂದಾಗಿ ಫ್ಯಾಕ್ಟರಿಗಳು ಬಂದವು ನೋಡಿ, ಅಂಗಡಿಯಲ್ಲಿ ಹಗ್ಗದ ಜಾಗಕ್ಕೆ ಹಳದಿ ಹೆಲ್ಮೆಟ್ಟು, ಗುದ್ದಲಿ ಜಾಗಕ್ಕೆ ಗಂಬೂಟು ಬಂತು. ಅದರ ಹಿಂದೆಯೇ ಒಂದು ದಿನ ಕೆಂಪು ಕಾರು ಬಂತು.

ಚಿಕ್ಕದು, ಆದರೆ ಸಿಟ್ಟಿನ ಮುಖದ್ದು. ಅಗಲವಾದ ಟೈರು, ನೆಲಕ್ಕೆ ತಾಗುವಂಥ ಹೊಟ್ಟೆ, ಹಿಂದುಗಡೆ ಒಂದು ಪುಟ್ಟ ರೆಕ್ಕೆ. ಅದು ನೂರರ ವೇಗ ಮುಟ್ಟುವುದಕ್ಕೆ ಎಷ್ಟು ಸೆಕೆಂಡು ಬೇಕು ಅಂತ ಇವರು ಊಟಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದರು, ಸಾರು ಬಡಿಸುವ ಮೊದಲೇ.

“ನೂರು ಮುಟ್ಟಿ ಎಲ್ಲಿಗ್ಲಾ ಹೋಯ್ತೀಯ?” ಅಂದರು ಮಾವ. “ನಿನ್ನ ಅಂಗಡಿ ಇರೋದು ಮೂರನೇ ತಿರುವಿಗೆ.”

“ಅದು ಪವರ್ರು ಅಪ್ಪ. ನಿಮಗೆ ಗೊತ್ತಾಗಲ್ಲ.”

“ನಂದಕ್ಕೂ ಪವರ್ ಐತೆ. ಅದು ಯಾವಾಗ ಬತ್ತದೆ ಅಂತ ಗೊತ್ತಿಲ್ಲ, ಅಷ್ಟೇಯ.”

ತೊಂದರೆ ಇದ್ದದ್ದು ಷೆಡ್ಡಿನಲ್ಲಿ. ಮನೆಗೆ ಇದ್ದದ್ದು ಒಂದೇ ಕಾರಿನ ಷೆಡ್ಡು, ಅದರೊಳಗೆ ಹಳೇ ಕಾರು. ಕೆಂಪು ಕಾರು ಬೇವಿನ ಮರದ ಕೆಳಗೆ, ನನ್ನ ಒಂದು ಹಳೇ ಹೂವಿನ ಬೆಡ್‌ಶೀಟ್ ಹೊದ್ದುಕೊಂಡು ನಿಲ್ಲುತ್ತಿತ್ತು. ಬೆಳಿಗ್ಗೆ ಎದ್ದರೆ ಬೆಡ್‌ಶೀಟಿನ ಮೇಲೆ ಗೊರವಂಕಗಳ ಸಹಿ. ಅಷ್ಟು ಪವರ್ ಇರುವ ಗಾಡಿ ಜ್ವರ ಬಂದ ಮಗುವಿನ ಹಾಗೆ ಹೊದ್ದು ಮಲಗಿರುವುದನ್ನು ನೋಡಿ ನನಗೆ ನಗು ಬರುತ್ತಿತ್ತು. ಇವರಿಗೆ ಬರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಮದುವೆಗಳಿಗೆ ಹಳೇ ಕಾರು ಬಾಡಿಗೆಗೆ ಕೊಡುವ ಒಬ್ಬರನ್ನು ಹುಡುಕಿ, ನಮ್ಮ ಕೆನೆ ಕಾರನ್ನು ಅವರಿಗೆ ಕೊಡುವ ಮಾತಾಡಿಕೊಂಡು ಬಂದರು.

ಮಾವ ಮುದ್ದೆ ಮುರಿಯುತ್ತಾ ನನ್ನ ಕಡೆ ನೋಡಿದರು, ಅಷ್ಟೇ. ಯಾಕೆಂದರೆ ಆಗ ಅವರು ನನಗೆ ಡ್ರೈವಿಂಗ್ ಕಲಿಸುತ್ತಿದ್ದರು.

ನನಗೆ ಕಾರು ಬೇಕಾಗಿದ್ದದ್ದು ಒಂದೇ ಕಾರಣಕ್ಕೆ. ನನ್ನ ತವರು ಮಾಗಡಿ. ಬಸ್ಸಲ್ಲಿ ಹೋದರೆ ರಾಮನಗರದಲ್ಲಿ ಇಳಿದು, ಕಾದು, ಮತ್ತೊಂದು ಹತ್ತಬೇಕು. ಕಾರಲ್ಲಿ ಹೋಗಬೇಕಾದರೆ ಇವರಿಗೆ ಬಿಡುವಿರುವ ಭಾನುವಾರ ಬೇಕು. ಅಂಥ ಭಾನುವಾರ ಕ್ಯಾಲೆಂಡರಿನಲ್ಲಿ ಬಲು ಅಪರೂಪ. ಅಮ್ಮ ಅಣ್ಣನ ಮನೆಯಲ್ಲಿ ಚೆನ್ನಾಗೇ ಇದ್ದರು, ಕೊರತೆಯೇನಿಲ್ಲ. ಆದರೂ ಒಂದು ಬುಧವಾರ ಸುಮ್ಮನೆ ಹೋಗಿ ಅಮ್ಮನ ಜೊತೆ ಅವರೆಕಾಳು ಬಿಡಿಸಿ, ಸಂಜೆಗೆ ಮನೆಗೆ ಬಂದುಬಿಡಬೇಕು ಅನ್ನುವುದು ನನ್ನ ಆಸೆ. ಯಾರನ್ನೂ ಕೇಳದೆ, ಯಾರಿಗೂ ಕಾಯದೆ. ಕೆಂಪು ಕಾರನ್ನಂತೂ ಇವರು ನನಗೆ ತೊಳೆಯುವುದಕ್ಕೂ ಬಿಡುತ್ತಿರಲಿಲ್ಲ.

ಫ್ಯಾಕ್ಟರಿಗಳಿಗೆಂದು ಭೂಮಿ ತೆಗೆದುಕೊಂಡು, ಅಗಲವಾದ ಟಾರು ರಸ್ತೆ ಹಾಕಿ, ದೀಪದ ಕಂಬ ನೆಟ್ಟು, ಫ್ಯಾಕ್ಟರಿಗಳು ಮಾತ್ರ ಇನ್ನೂ ಬಾರದಿದ್ದ ಒಂದು ಜಾಗವಿತ್ತು. ಸುತ್ತಲಿನ ಊರುಗಳವರೆಲ್ಲ ಗಾಡಿ ಕಲಿತದ್ದು ಅಲ್ಲೇ. ಪ್ಲಾಟಿನ ನಂಬರು ಬರೆದ ಕಲ್ಲುಗಳ ನಡುವೆ ಮಾವ ನನ್ನನ್ನು ಸುತ್ತಿಸುತ್ತಿದ್ದರು. ಮುಂದಕ್ಕೆ ನಾನು ಚೆನ್ನಾಗಿಯೇ ಹೋಗುತ್ತಿದ್ದೆ. ರಿವರ್ಸ್ ಮಾತ್ರ ಬರುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಹತ್ತು ವರ್ಷ ಸಾಲಿನಲ್ಲಿ ನಡೆಯುವಾಗ ಹಿಂದೆ ತಿರುಗಬಾರದು ಅಂತ ಸಿಸ್ಟರ್‌ಗಳು ಹೇಳಿಕೊಟ್ಟಿದ್ದರು. ಆ ಕಾರಿನ ರಿವರ್ಸಿಗೆ ಕಡ್ಡಿಯನ್ನು ಒಂದಿಷ್ಟು ಎಳೆದು, ಎತ್ತಿ, ಆಮೇಲೆ ತಳ್ಳಬೇಕು. ಅಷ್ಟು ಮಾಡಿ ಕುತ್ತಿಗೆ ತಿರುಗಿಸುವ ಹೊತ್ತಿಗೆ ನನ್ನ ಎಡ ಬಲ ಅದಲು ಬದಲಾಗಿ ಕಾರು ಪ್ಲಾಟಿನ ಕಲ್ಲಿಗೆ ಹೋಗಿ ನಮಸ್ಕಾರ ಮಾಡುತ್ತಿತ್ತು.

ಮೊದಲನೇ ಡ್ರೈವಿಂಗ್ ಟೆಸ್ಟಿನಲ್ಲೂ ಹಾಗೇ ಆಯಿತು. ಹಿಂದಕ್ಕೆ ಬರುತ್ತಾ, ಗುರುತಿಗೆ ನೆಟ್ಟಿದ್ದ ಕಂಬಿಗಳನ್ನು ಒಂದೊಂದಾಗಿ ಮಲಗಿಸಿದೆ. ಇನ್‌ಸ್ಪೆಕ್ಟರು ಒಳ್ಳೆಯವರು. “ಮುಂದಕ್ಕೆ ಚೆನ್ನಾಗಿ ಹೋಗ್ತೀರ ಮೇಡಂ, ವಾಪಸ್ ಬರೋದೂ ಕಲ್ತ್ಕೊಂಡ್ ಬನ್ನಿ” ಅಂದು ಇನ್ನೊಂದು ದಿನ ಕೊಟ್ಟರು.

ಇವರಿಗೆ ಅಷ್ಟೇ ಸಾಕಾಯಿತು. “ಈ ಸಲ ಪಾಸಾದ್ರೆ ಹಳೇ ಕಾರು ನಿಂದೇ, ಷೆಡ್ಡೂ ಅದರದ್ದೇ. ಫೇಲಾದ್ರೆ ಅದು ಬೆಂಗಳೂರಿಗೆ, ನಂದು ಷೆಡ್ಡಿಗೆ. ಸರಿನಾ ಕಾನ್ವೆಂಟಮ್ಮ?”

“ಸರಿ” ಅಂದೆ. ಮಾವ ಎರಡನೇ ಮುದ್ದೆ ಹಾಕಿಸಿಕೊಳ್ಳಲಿಲ್ಲ.

ಟೆಸ್ಟಿಗೆ ನಾಲ್ಕು ದಿನ ಇದೆ ಅನ್ನುವಾಗ ಕೋಡಿಹಳ್ಳಿ ಹತ್ತಿರ ನಮ್ಮತ್ತೆಯ ತಂಗಿಯ ಮನೆಯಲ್ಲಿ ಮಗುವಿಗೆ ನಾಮಕರಣ. ಎರಡು ಕಾರೂ ಹೊರಟವು. ಅತ್ತೆ ಎ.ಸಿ. ಆಸೆಗೆ ಮಗನ ಕಾರು ಹತ್ತಿದರು. ಹತ್ತಿದರು ಅನ್ನುವುದಕ್ಕಿಂತ ಇಳಿದರು ಅನ್ನಬೇಕು.

“ಬಾವಿಗೆ ಇಳ್ದಂಗಾಯ್ತದೆ ಕಣವ್ವ,” ಅಂದರು ಒಳಗಿನಿಂದ. “ಏಳೋವಾಗ ಒಂದು ಹಗ್ಗ ತಂದ್ಬುಡು.”

“ಅಪ್ಪ, ನೀವು ಬರೋ ಹೊತ್ತಿಗೆ ಮಗು ಸ್ಕೂಲಿಗೆ ಸೇರಿರ್ತದೆ” ಅಂತ ಇವರು ಗಾಜು ಇಳಿಸಿ ಹೇಳಿ, ಗಾಜು ಏರಿಸಿ, ಹೊರಟೇಹೋದರು. ನಮ್ಮದು ಚೋಕ್ ಎಳೆದು, ಮೂರು ಸಲ ಕೆಮ್ಮಿ, ಆಮೇಲೆ ಸ್ಟಾರ್ಟ್ ಆಯಿತು. “ಥ್ಯಾಂಕ್ಯೂ” ಅಂದೆ. ಅದು ಸ್ಟಾರ್ಟ್ ಆದಾಗಲೆಲ್ಲ ನಾನು ಥ್ಯಾಂಕ್ಯೂ ಹೇಳುತ್ತಿದ್ದೆ. ಮಾವನಿಗೂ ಅಭ್ಯಾಸವಾಗಿತ್ತು.

ಸಾತನೂರು ದಾಟಿ ಕನಕಪುರ ತಲುಪಿದೆವು. ಊರಿನ ಗಲಾಟೆ ಮುಗಿದ ಮೇಲೆ ಮಾವ ಕಾರನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿ, ಇಳಿದು, ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದರು.

“ಆ ಕಡಿಕೆ ಹೋಗು ಮಗ. ನೀನೇ ಹೊಡಿ.”

“ಮಾವ, ಇದು ನಿಜವಾದ ರೋಡು!”

“ಮತ್ತಿನ್ನೇನು, ಟೆಸ್ಟ್ ಆದ್ಮೇಲೂ ಕಲ್ಲು ಸುತ್ತೀಯ?”

‘ಎಲ್’ ಬೋರ್ಡು ಡಿಕ್ಕಿಯಲ್ಲೇ ಇತ್ತು, ಎರಡೂ ಕಡೆ ಕಟ್ಟಿದರು. ನಾನು ಹೊರಟೆ. ಅಂಗೈ ಬೆವತು ಸ್ಟೀರಿಂಗು ಜಾರುತ್ತಿತ್ತು, ಸೆರಗಿನಿಂದ ಒರೆಸಿಕೊಂಡು ಒರೆಸಿಕೊಂಡು ಓಡಿಸಿದೆ. ಅದು ಸಂಕ್ರಾಂತಿಯ ಸುಮಾರು. ಆ ಕಡೆಯ ರಸ್ತೆಗಳಲ್ಲಿ ಆಗ ಒಕ್ಕಣೆ ನಡೆಯುತ್ತದೆ. ಕಣದಲ್ಲಿ ಎತ್ತು ಕಟ್ಟಿ ಕಲ್ಲಿನ ಗುಂಡು ಎಳೆಸುವ ಬದಲು ಹುರುಳಿಯನ್ನೋ ರಾಗಿ ತೆನೆಯನ್ನೋ ಟಾರಿನ ಮೇಲೆ ಹರಡಿಬಿಡುತ್ತಾರೆ. ಬರುವ ಹೋಗುವ ಬಸ್ಸು ಲಾರಿಗಳೇ ತುಳಿದು ಕಾಳು ಉದುರಿಸಿಕೊಡುತ್ತವೆ.

ಒಂದು ತಿರುವು ದಾಟಿದರೆ ರಸ್ತೆಯ ಅಗಲಕ್ಕೂ ಮಂಡಿಯೆತ್ತರ ಹುರುಳಿ ಬಳ್ಳಿ. ಅದರ ನಟ್ಟ ನಡುವೆ ಒಂದು ಕೆಂಪು ರೆಕ್ಕೆ.

ನಾನು ಬ್ರೇಕ್ ಒತ್ತಿದೆ. ಕೆಂಪು ಕಾರು ಹೊಟ್ಟೆಯನ್ನು ಹುರುಳಿಯ ಮೇಲೆ ಊರಿ ಕೂತಿತ್ತು. ಬಳ್ಳಿ ಮುಂದಿನ ಚಕ್ರಕ್ಕೆ ಜಡೆಯ ಹಾಗೆ ಸುತ್ತಿಕೊಂಡು, ಅಡಿಯಿಂದ ಸುಟ್ಟ ಸೊಪ್ಪಿನ ವಾಸನೆ ಬರುತ್ತಿತ್ತು. ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಅತ್ತೆ ಕೂತಿದ್ದರು, ಯಾರೋ ಕೊಟ್ಟ ಕಬ್ಬಿನ ತುಂಡು ಜಗಿಯುತ್ತಾ. ಕಾರಿನ ಕೆಳಗಿನಿಂದ ಎರಡು ಕಾಲು ಕಾಣಿಸುತ್ತಿದ್ದವು. ಒಂದಕ್ಕೆ ಮಾತ್ರ ಶೂ ಇತ್ತು.

“ಸ್ಪೀಡಾಗಿ ಹೋದ್ರೆ ದಾಟ್ಬುಡ್ತದೆ ಅಂದ ಕಣವ್ವ,” ಅಂದರು ಅತ್ತೆ. “ದಾಟ್ನಿಲ್ಲ.”

ಹುರುಳಿ ಅವರದೇ ಎಂದು ಕಾಣುವಂತೆ ಕೈಯಲ್ಲಿ ಕೊಕ್ಕೆ ಕೋಲು ಹಿಡಿದ ಒಬ್ಬ ಹೆಂಗಸು ಬಂದು ನಮ್ಮ ಕಾರನ್ನು ಮೇಲಿಂದ ಕೆಳಗೆ ನೋಡಿದರು. ಬಗ್ಗಿ ಅದರ ಹೊಟ್ಟೆಗೂ ನೆಲಕ್ಕೂ ಎಷ್ಟು ದೂರ ಅಂತಲೂ ನೋಡಿದರು. ಮುಖ ಅರಳಿತು.

“ಯವ್ವಾ, ಒಸಿ ಈ ಪಕ್ಕ ಹಿಂದುಕ್ಕೂ ಮುಂದುಕ್ಕೂ ಓಡ್ಸವ್ವ. ಬೆಳಗ್ಗಿಂದ ಬರೀ ಬೈಕೇ ಬಂದವೆ. ಒಂದು ಗಾಡಿ ಬಂತಪ್ಪ ಅಂದ್ರೆ, ಇದು ಬಂದು ಮನೀಕಂಡ್ಬುಡ್ತು.”

ನಾನು ಮಾವನ ಕಡೆ ತಿರುಗಿದೆ. ಅವರು ಆಗಲೇ ಇಳಿದು, ಅತ್ತೆಯ ಪಕ್ಕ ಕೂತು ಕಬ್ಬಿಗೆ ಕೈ ಚಾಚಿದ್ದರು.

“ಹಿಂದಕ್ಕೂ ಅಂತಿದ್ದಾರಲ್ಲ ಮಾವ...”

“ಅವರ ಹುರುಳಿ, ಅವರು ಹೇಳ್ದಂಗೆ ಮಾಡು.”

ಮುಂದಕ್ಕೆ ಹೋದೆ. ಚಕ್ರದ ಕೆಳಗೆ ಹುರುಳಿಕಾಯಿ ಚಟಪಟ ಸಿಡಿಯಿತು, ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ಹಾಗೆ. ಎಳೆದು, ಎತ್ತಿ, ತಳ್ಳಿದೆ. ಹಿಂದಕ್ಕೆ ತಿರುಗಿದರೆ ಸರಿಯಾಗಿ ಅಲ್ಲೇ ಒಂದು ಆಡು. ಗಾಬರಿಯಲ್ಲಿ ಕಿಟಕಿಯಿಂದ ತಲೆ ಹಾಕಿ “ಎಕ್ಸ್‌ಕ್ಯೂಸ್ ಮೀ!” ಅಂದುಬಿಟ್ಟೆ.

“ಅದ್ಕೆ ಇಂಗ್ಲೀಷ್ ಬರಕಿಲ್ಲ ಕಣವ್ವ!” ಅಂತ ಆಕೆ ಕೋಲಿನಿಂದ ಆಡನ್ನು ಓಡಿಸಿದರು. “ಬಾ ಬಾ ಬಾ, ಇನ್ನೂ ಬಾ... ಅಯ್ಯೋ ನನ್ ರೋಡು ಬುಟ್ ಹೋಗ್ಬ್ಯಾಡ, ಮಣ್ಣಾಯ್ತದೆ ಹುಳ್ಳಿ! ಈ ಕಡಿಕೆ, ಬಳೆ ಇರೋ ಕೈ ಕಡಿಕೆ!”

ನನ್ನ ಎರಡು ಕೈಯಲ್ಲೂ ಬಳೆಗಳಿದ್ದವು, ಆದರೆ ಆಕೆ ತೋರಿಸಿದ ಕಡೆ ತಿರುಗಿಸಿದೆ. ಪ್ಲಾಟಿನ ಕಲ್ಲಿಗೆ ತಾಗಿದರೆ ಕಲ್ಲಿಗೇನೂ ನಷ್ಟವಿರಲಿಲ್ಲ. ಇಲ್ಲಿ ಒಂದು ಗೇಣು ತಪ್ಪಿದರೂ ಯಾರದೋ ವರ್ಷದ ಹುರುಳಿ ಮಣ್ಣುಪಾಲು. ಅದು ತಲೆಗೆ ಹೋದ ಮೇಲೆ ಕುತ್ತಿಗೆ ತಾನಾಗಿ ತಿರುಗಿತು. ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ನಾಲ್ಕೈದು ಸಲ ಆದ ಮೇಲೆ ಎಣಿಸುವುದನ್ನು ಬಿಟ್ಟೆ. ಆಕೆ ಕೂಗುವುದನ್ನೂ ಬಿಟ್ಟು, ಹಿಂದಿನಿಂದ ಬಳ್ಳಿ ಮಗುಚುತ್ತಾ ಬಂದರು.

ಕೆಂಪು ಕಾರಿನ ಅಡಿಯಿಂದ ಇವರು ಹೊರಗೆ ಬಂದಾಗ ಬಿಳೀ ಷರಟಿನ ತುಂಬ ಹುರುಳಿಯ ಹೊಟ್ಟು, ಮೀಸೆಯಲ್ಲಿ ಒಂದು ಎಲೆ. ನಾನು ಅವರ ಪಕ್ಕದಲ್ಲೇ ರಿವರ್ಸಿನಲ್ಲಿ ಹಾದುಹೋದೆ. ಕೈ ಬೀಸಲಿಲ್ಲ, ಎರಡೂ ಕೈ ಸ್ಟೀರಿಂಗಿನ ಮೇಲಿತ್ತು.

“ಯಾರು ಓಡಿಸ್ತಿರೋದು ಅದನ್ನ?” ಅಂದರಂತೆ.

“ನಿನ್ನ ಹೆಂಡ್ರು ಕಣ್ಲಾ,” ಅಂದರಂತೆ ಮಾವ. “ಒಕ್ಕಣೆಗೆ ಬಂದವ್ಳೆ.”

ಚಕ್ರದ ಬಳ್ಳಿ ಕೊಯ್ದು ಕೆಂಪು ಕಾರನ್ನು ತಳ್ಳಿ ಆಚೆ ತರುವ ಹೊತ್ತಿಗೆ ತಡವಾಗಿ, ನಾಮಕರಣದ ಊಟದ ಕೊನೆಯ ಪಂಕ್ತಿ ಸಿಕ್ಕಿತು ನಮಗೆ. ರಸ್ತೆಯಲ್ಲಿ ಹೊರಡುವಾಗಲೇ ಆ ಹುರುಳಿಯ ಹೆಂಗಸು ನನ್ನ ಕಾರಿನಲ್ಲಿ ಒಂದು ಚೀಲ ಹುರುಳಿ ಇಟ್ಟಿದ್ದರು. ಬೇಡ ಅಂದರೆ, “ನಿನ್ ಕೂಲಿ ಕಣವ್ವ” ಅಂದರು. ಮನೆಗೆ ಬಂದ ಮೇಲೆ ಹುರುಳಿಕಟ್ಟು ಸಾರು ಮಾಡಿದೆ. ಇವರು ಮೂರು ಸೌಟು ಹಾಕಿಸಿಕೊಂಡು, ತಲೆ ಎತ್ತದೆ ಕೇಳಿದರು: “ಇದು ಯಾವ ಕಾರು ಒಕ್ಕಿದ್ದು?”

“ಓಡಿದ್ದು” ಅಂದೆ.

ಸೋಮವಾರದ ಟೆಸ್ಟಿನಲ್ಲಿ ನಾನು ಹಿಂದಕ್ಕೆ ಬಂದೆ. ಕಂಬಿಗಳ ಜಾಗದಲ್ಲಿ ಹುರುಳಿ ಇದೆ ಅಂದುಕೊಂಡೆ. ಒಂದೂ ಮಲಗಲಿಲ್ಲ. ಇನ್‌ಸ್ಪೆಕ್ಟರು ಯಾವ ಡ್ರೈವಿಂಗ್ ಸ್ಕೂಲು ಮೇಡಂ ಅಂತ ಕೇಳಿದರು. ಪಕ್ಕದಲ್ಲಿ ಮಾವ ಕೆಮ್ಮಿದರು.

ಇವರು ಮಾತಿಗೆ ತಪ್ಪುವವರಲ್ಲ. ಬೆಂಗಳೂರಿನವರಿಗೆ ಫೋನ್ ಮಾಡಿ ಕಾರು ಕೊಡುವುದಿಲ್ಲ ಅಂದರು. ನಾನೂ ಕಲ್ಲುಮನಸ್ಸಿನವಳಲ್ಲ, ಕೆಂಪು ಕಾರಿಗೆ ಹೂವಿನದನ್ನು ತೆಗೆದು, ನಮ್ಮ ಮದುವೆಯಲ್ಲಿ ಬಂದಿದ್ದ ಒಳ್ಳೇ ಡಬಲ್ ಬೆಡ್‌ಶೀಟ್ ಕೊಟ್ಟೆ. ಒಂದು ವಿಷಯ ಇಲ್ಲಿ ಒಪ್ಪಿಕೊಳ್ಳಬೇಕು. ಎಷ್ಟೋ ತಿಂಗಳ ಮೇಲೆ ಇವರು ಒಂದು ಮಧ್ಯಾಹ್ನ ಅದರ ಬೀಗದ ಕೈ ನನ್ನ ಕೈಗಿಟ್ಟರು. ಕಾಲಿಟ್ಟರೆ ಸಾಕು, ಹಾರುತ್ತದೆ. ಬಾಗಿಲು ಒಂದೇ ಬೆರಳಿಗೆ ಮುಚ್ಚುತ್ತದೆ. ನನಗೆ ತುಂಬಾ ಹಿಡಿಸಿತು. ಇದನ್ನು ಮಾವನಿಗೆ ಇಲ್ಲಿಯ ತನಕ ಹೇಳಿಲ್ಲ.

ಆದರೆ ಮಾಗಡಿಗೆ ಮೊದಲ ಸಲ ಒಬ್ಬಳೇ ಹೋದದ್ದು ಕೆನೆ ಕಾರಿನಲ್ಲಿ, ಒಂದು ಬುಧವಾರ. ಅಮ್ಮ ಬಾಗಿಲಿಗೆ ಬಂದು, ಹಿಂದಿನ ಸೀಟಿನಲ್ಲೆಲ್ಲ ಹುಡುಕಿ, “ಅಳಿಯಂದಿರೆಲ್ಲೇ?” ಅಂದರು.

“ಅಂಗಡೀಲಿ.”

“ಮತ್ತೆ ಕಾರು?”

“ನಾನೇ ತಂದೆ ಅಮ್ಮ.”

ಅಮ್ಮ ನಂಬಲಿಲ್ಲ. ನಂಬಿದ್ದು ಸಂಜೆ. ಅವರೆಕಾಳಿನ ವಾಸನೆಯ ಕೈ ತೊಳೆದುಕೊಂಡು ನಾನು ಹೊರಟಾಗ. ನಮ್ಮ ತವರಿನ ಗಲ್ಲಿ ಕಿರಿದು, ಕಾರು ತಿರುಗಿಸುವ ಜಾಗವಿಲ್ಲ. ಇವರು ಬಂದಾಗಲೆಲ್ಲ ಗಲ್ಲಿಯಿಂದ ಹಿಂದಕ್ಕೆ ತರುವುದಕ್ಕೆ ಅಣ್ಣ, ಎದುರುಮನೆಯವರು, ಹಾಲಿನವರು, ಮೂರು ಜನ ಕೈ ತೋರಿಸಬೇಕಿತ್ತು. ಅಮ್ಮ ಅವರನ್ನು ಕರೆಯಲು ಹೊರಟರು. ನಾನು ಚೀಲವನ್ನು ಎಡಗಡೆ ಸೀಟಿಗಿಟ್ಟು, ಸೊಂಟದಿಂದ ಆ ಬಾಗಿಲು ಒತ್ತಿ ಮುಚ್ಚಿ, ಸುತ್ತಿ ಬಂದು ಸ್ಟೀರಿಂಗಿನ ಮುಂದೆ ಕೂತೆ. ಥ್ಯಾಂಕ್ಯೂ ಅಂದೆ. ಎಳೆದು, ಎತ್ತಿ, ತಳ್ಳಿ, ಕುತ್ತಿಗೆ ತಿರುಗಿಸಿದೆ. ಎದುರುಮನೆಯವರು ಚಪ್ಪಲಿ ಮೆಟ್ಟಿ ಹೊರಗೆ ಬರುವ ಹೊತ್ತಿಗೆ ಕಾರು ದೊಡ್ಡ ರಸ್ತೆಯಲ್ಲಿತ್ತು.