ಜಯನಗರದಲ್ಲಿ ರೂಮು ಸಿಗದವರು

ಹೋಟೆಲಿನ ಕೌಂಟರಿನಲ್ಲಿ ಮ್ಯಾನೇಜರು ನನ್ನ ಆಧಾರ್ ಕಾರ್ಡನ್ನು ತಿರುಗಿಸಿ ನೋಡಿದರು. ಧಾರವಾಡದ ವಿಳಾಸ ಕಂಡದ್ದೇ ಕೀಲಿ ಕೊಟ್ಟರು. ಬೆಳಗಿನ ತಿಂಡಿಗೆ ಹತ್ತಿರದಲ್ಲಿ ಎಲ್ಲಿ ಹೋಗಬಹುದು ಎಂದು ಕೇಳಿದೆ.

"ಗೊತ್ತಿಲ್ಲ ಸಾರ್, ನಾನು ಈ ಊರಿಗೆ ಬಂದು ಹದಿನೈದು ದಿನ ಆಯ್ತಷ್ಟೆ."

ನನ್ನ ಹಿಂದೆ ನಿಂತಿದ್ದ, ಅರವತ್ತು ದಾಟಿದ ಹೆಂಗಸೊಬ್ಬರು ತಮ್ಮ ಕಾರ್ಡನ್ನು ಮುಂದಿಟ್ಟರು. ಮ್ಯಾನೇಜರು ಅದನ್ನು ನೋಡಿ ಹಾಗೇ ಹಿಂದಕ್ಕೆ ಸರಿಸಿದರು.

"ಲೋಕಲ್ ಅಡ್ರೆಸ್ ಇರೋರಿಗೆ ರೂಮ್ ಕೊಡಲ್ಲ ಮೇಡಂ. ಓನರ್ ರೂಲ್ಸು."

"ಇಲ್ಲೇ ತ್ಯಾಗರಾಜನಗರದಲ್ಲಿ ನಮ್ಮನೆ ಕಣಪ್ಪಾ. ಬಾಗಿಲು ಕಿಟಕಿಗೆಲ್ಲ ಇವತ್ತು ವಾರ್ನಿಶ್ ಹೊಡ್ದಿದಾರೆ. ನಂಗೆ ಉಬ್ಬಸ, ಆ ವಾಸನೇಲಿ ಮಲಗಕ್ಕಾಗಲ್ಲ. ಒಂದು ರಾತ್ರಿ ಅಷ್ಟೆ."

"ಬೇರೆ ಊರಿನ ಐಡಿ ಏನಾದ್ರೂ ಇದ್ಯಾ ಮೇಡಂ?"

"ಹುಟ್ಟಿದ್ದೂ ಇಲ್ಲೇ, ಮದುವೆ ಆಗಿದ್ದೂ ಇಲ್ಲೇ. ಬೇರೆ ಊರು ಎಲ್ಲಿಂದ ತರ್ಲಿ?"

ಇದೆಂಥ ನಿಯಮ ಎಂದು ನಾನು ನಡುವೆ ಬಾಯಿ ಹಾಕಿದೆ. ಮ್ಯಾನೇಜರು ದನಿ ತಗ್ಗಿಸಿದರು. "ಇದೇ ಊರಲ್ಲಿ ಮನೆ ಇಟ್ಕೊಂಡು ರೂಮ್ ಯಾಕೆ ಕೇಳ್ತಾರೆ ಅಂತ ಓನರ್‌ಗೆ ಡೌಟು ಸಾರ್."

ಅದು ಆಕೆಗೂ ಕೇಳಿಸಿತು. ಮುಖ ಕೆಂಪಾಯಿತು. ಕಾರ್ಡನ್ನು ಪರ್ಸಿಗೆ ಹಾಕಿ, ಬ್ಯಾಗನ್ನು ಹೆಗಲಿಗೇರಿಸಿ ಬಾಗಿಲವರೆಗೆ ಹೋದವರು ತಿರುಗಿ ನನ್ನನ್ನು ನೋಡಿದರು.

"ತಿಂಡಿಗೆ ಕೇಳ್ತಿದ್ರಲ್ಲ, ಎಡಕ್ಕೆ ಹೋದ್ರೆ ಎರಡನೇ ಕ್ರಾಸು, ಹಾಲಿನ ಬೂತ್ ಪಕ್ಕ. ಎಂಟು ಗಂಟೆ ಒಳಗೆ ಹೋಗಿ, ಆಮೇಲೆ ಇಡ್ಲಿ ಸಿಗಲ್ಲ. ನಮ್ಮೂರಿಗೆ ಬಂದಿದೀರಿ, ಹೊಟ್ಟೆ ತುಂಬಾ ತಿನ್ನಿ."