ಖಣಿಯ ನೀರು, ಹೊಲದ ದಾರಿ

ಗುಲಬರ್ಗಾದಿಂದ ಹೊರಟ ಬೆಳಗಿನ ಪ್ಯಾಸೆಂಜರ್ ಗಾಡಿ ಶಹಾಬಾದ್ ಮುಟ್ಟುವಾಗಲೇ ಬಿಸಿಲು ಏರಿತ್ತು. ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿದ್ದ ಕಾಲದ ಒಂದು ಬೇಸಗೆ. ಈ ಭಾಗದ ಕೆಲವು ಊರುಗಳಿಗೆ ಕರೆಂಟು ಕೊಡುತ್ತಿದ್ದ ಖಾಸಗಿ ಕಂಪನಿಯೊಂದನ್ನು ಸರ್ಕಾರದ ಮಂಡಳಿ ವಹಿಸಿಕೊಂಡಿತ್ತು. ಕಂಪನಿಯವರು ಒಬ್ಬೊಬ್ಬ ಗಿರಾಕಿಯ ಜೊತೆ ಕೂತು ಮಾತಾಡಿ ದರ ಗೊತ್ತುಮಾಡುತ್ತಿದ್ದರು. ಮಂಡಳಿಯ ಪದ್ಧತಿ ಬೇರೆ. ಮನೆಯ ದೀಪಕ್ಕೊಂದು ದರ, ಬೇಸಾಯದ ಪಂಪಿಗೊಂದು, ಕಾರ್ಖಾನೆಗೊಂದು. ತಕರಾರಿದ್ದವರ ಮಾತು ಕೇಳಲು ಅಧಿಕಾರಿಯೊಬ್ಬರು ಸೇಡಂಗೆ ಬರುವವರಿದ್ದರು. ಅದರ ವರದಿಗೆಂದು ಪತ್ರಿಕೆ ನನ್ನನ್ನು ಕಳಿಸಿತ್ತು.

ಶಹಾಬಾದಿನಲ್ಲಿ ಇಳಿದು, ನೆಲಕ್ಕೆ ಹಾಸುವ ಫರಸಿ ಕಲ್ಲು ಉಜ್ಜುವ ಒಂದು ಶೆಡ್ಡಿಗೆ ಹೋದೆ. ಚಹಾದ ಹೊತ್ತು. ಮಷೀನು ನಿಲ್ಲಿಸಿ ಎಲ್ಲರೂ ನೆರಳಿಗೆ ಕೂತಿದ್ದರು.

"ಇನ್ನ ಕರೆಂಟಿಗೂ ಜಾತಿ ಬಂತ್ ನೋಡ್ರಿ, ಪೇಪರ್ ಸಾಹೇಬ್ರೆ," ಎಂದ ಒಬ್ಬ, ತೋಳಿನ ಮೇಲಿನ ಕಲ್ಲಿನ ಕೆಸರು ಒರೆಸಿಕೊಳ್ಳುತ್ತ. "ದೀಪದ್ದೊಂದ್ ಜಾತಿ, ಮಷೀನಿಂದೊಂದ್ ಜಾತಿ."

"ಮುಟ್ಟಿದ್ರ ಮಾತ್ರ ಎಲ್ಲಾರಿಗೂ ಒಂದೇ ನಮೂನಿ ಹೊಡಿತದ," ಎಂದ ಪಕ್ಕದವ.

ಶೆಡ್ಡಿನ ಮಾಲೀಕ ನಗಲಿಲ್ಲ. "ನಮ್ದು ಕಾರ್ಖಾನಿ ಅಂತ ಎಲ್ಲಾರಿಗೂ ಗೊತ್ತದ. ನೀವು ಚಿತ್ತಾಪುರಕ್ಕ ಹೋಗಿ ಸಿದ್ರಾಮಪ್ಪನ ಖಣಿ ನೋಡ್ರಿ. ಆ ಮೋಟಾರ್ ಯಾವ ಜಾತಿ ಅಂತ ದೇವ್ರಿಗೂ ತಿಳಿಯಂಗಿಲ್ಲ," ಎಂದ.

ವಾಡಿಯಲ್ಲಿ ಗಾಡಿ ಬದಲಿಸಿದೆ. ಸಿಕಂದರಾಬಾದ್ ಕಡೆಯ ಗಾಡಿ ಬರುವುದು ತಡವಾಯಿತು. ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದೆ. ಪ್ಲಾಟ್‌ಫಾರಮ್ಮಿನ ಬೇವಿನ ನೆರಳಲ್ಲಿ ಊಟ ಮುಗಿಸಿದೆ. ಚಿತ್ತಾಪುರದಲ್ಲಿ ಇಳಿದಾಗ ಬಿಸಿಲು ಇಳಿಮುಖವಾಗಿತ್ತು. ಸಿದ್ರಾಮಪ್ಪನವರ ಕಲ್ಲಿನ ಖಣಿ ದಂಡೋತಿ ರಸ್ತೆಯ ಬದಿಗಿತ್ತು. ನಡೆದೇ ಹೋದೆ.

ನೆಲವನ್ನು ಪದರು ಪದರಾಗಿ ಬಿಡಿಸಿದ ದೊಡ್ಡ ತಗ್ಗು ಅದು. ಅಡಿಯಲ್ಲಿ ಒರತೆಯ ನೀರು ನಿಲ್ಲುತ್ತಿತ್ತು. ನೀರು ತೆಗೆಯದೆ ಅಡಿಯ ಒಳ್ಳೆಯ ಕಲ್ಲು ಸಿಗದು. ಮೋಟಾರು ಎತ್ತಿದ ನೀರು ಫರಸಿ ಹಾಸಿದ ಕಾಲುವೆಯಲ್ಲಿ ಹರಿದು ಕೆಳಗಿನ ಒಂದು ತೋಟಕ್ಕೆ ಹೋಗುತ್ತಿತ್ತು. ಸುತ್ತಲಿನ ನೆಲವೆಲ್ಲ ಒಣಗಿದ್ದಾಗ ಅಲ್ಲಿ ಕೊತ್ತಂಬರಿ, ಬದನೆ, ಮೆಂತ್ಯ ಹಸಿರಾಗಿದ್ದವು. ತೋಟ ಹುಸೇನ್‌ಬೀ ಎಂಬ ವಿಧವೆಯದು. ಬೇರೆ ನೀರು ಆಕೆಗಿರಲಿಲ್ಲ. ಕಲ್ಲು ಹೇರಿದ ಬಂಡಿಗಳು ಖಣಿಯಿಂದ ರಸ್ತೆಗೆ ಹೋಗುವುದು ಆಕೆಯ ಹೊಲದ ನಡುವಿನಿಂದ.

"ನಮ್ಮ ಮಾವ, ಇವ್ರಪ್ಪ, ಇಬ್ರೂ ಇದೇ ಬದುವಿನ ಮ್ಯಾಲ ಕುಂತು ಮಾತಾಡ್ಯಾರ," ಎಂದಳು ಹುಸೇನ್‌ಬೀ, ಪಕ್ಕದಲ್ಲಿ ನಿಂತಿದ್ದ ಸಿದ್ರಾಮಪ್ಪನವರನ್ನು ತೋರಿಸಿ. "ನೀರು ನಮಗ, ದಾರಿ ಅವ್ರಿಗ. ಇಲ್ಲೆಲ್ಲಾ ಖಣಿದವ್ರು ಹಂಗೇ ಮಾಡ್ತಾರ."

ನೀರು ಹೊಲಕ್ಕೆ ಹೋಗುತ್ತದೆಂದು ಕಂಪನಿ ಆ ಮೋಟಾರಿಗೆ ಬೇಸಾಯದ ದರವನ್ನೇ ಹಾಕಿತ್ತು. ಈಗ ಕಾರ್ಖಾನೆಯ ದುಬಾರಿ ದರವಾದರೆ ಬೇಸಗೆಯಲ್ಲಿ ಮೋಟಾರು ನಿಲ್ಲಿಸುವುದಾಗಿ ಸಿದ್ರಾಮಪ್ಪ ಹೇಳಿದರು. ಮೇಲಿನ ಒಣ ಪದರು ಕಡಿದರೆ ಅವರ ಕೆಲಸ ಹೇಗೋ ನಡೆಯುತ್ತದೆ. ತೋಟ ನಡೆಯುವುದಿಲ್ಲ.

"ನಾಳೆ ಸೇಡಂಕ್ಕ ಆಪಾನ್ನೂ ಕರ್ಕೊಂಡು ಹೋಗ್ಲಿಕತ್ತೀನ್ರಿ," ಎಂದರು. ಹುಸೇನ್‌ಬೀಯನ್ನು ಅವರು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು.

"ಸಾಹೇಬ್ರ ಮುಂದ ಇವ್ರು ಮಾತಾಡಂಗಿಲ್ಲ, ಬರೇ ಮೀಸಿ ತಿರುವ್ತಾರ. ಅದಕ್ಕ ನನ್ನ ಕರೀತಾರ," ಎಂದಳು ಆಕೆ.

ಮರುದಿನ ಮೂವರೂ ಒಂದೇ ಗಾಡಿಯಲ್ಲಿ ಸೇಡಂಗೆ ಹೋದೆವು. ವಿಚಾರಣೆ ಪ್ರವಾಸಿ ಮಂದಿರದ ವರಾಂಡದಲ್ಲಿ ನಡೆಯಿತು. ಅಧಿಕಾರಿ ದಕ್ಷಿಣದ ಕಡೆಯವರು, ಸಮಾಧಾನದ ಮನುಷ್ಯ. ಎಣ್ಣೆಗಾಣದವರ, ಹಿಟ್ಟಿನ ಗಿರಣಿಯವರ ಮಾತು ಮುಗಿದ ಮೇಲೆ ಖಣಿಯ ಸರದಿ ಬಂತು.

"ಈ ಮೋಟಾರು ಇಟ್ಟಿರೋದು ಖಣಿಯ ನೀರು ತೆಗೆಯೋದಕ್ಕೋ, ಹೊಲಕ್ಕೆ ಕೊಡೋದಕ್ಕೋ?" ಎಂದು ಅವರು ಕೇಳಿದರು.

"ತೆಗೀಲಾರದ ಹ್ಯಾಂಗ ಕೊಡ್ಲಿಕ್ಕ ಬರ್ತದ್ರಿ?" ಎಂದಳು ಹುಸೇನ್‌ಬೀ. ವರಾಂಡದಲ್ಲಿ ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು.

ಆಮೇಲೆ ಅವರು ಒಂದು ದಾರಿ ತೋರಿಸಿದರು. ಮೋಟಾರು ಹುಸೇನ್‌ಬೀಯ ಹೆಸರಿಗೆ ಬರಲಿ. ಖಣಿಯ ನೀರು ಆಕೆಯದು, ಹೊಲದ ದಾರಿ ಸಿದ್ರಾಮಪ್ಪನವರದು ಎಂದು ಇಬ್ಬರೂ ಬರೆದು ಕೊಡಲಿ. ಆಗ ಬೇಸಾಯದ ದರವನ್ನೇ ಮುಂದುವರಿಸಲು ಬರುತ್ತದೆ ಎಂದರು.

ಮೊದಲು ಮಾತಾಡಿದವಳು ಹುಸೇನ್‌ಬೀ. "ಬರ್ದ್ ಕೊಟ್ರ ಅದು ಕೊಟ್ಟಂಗ ಅಲ್ರಿ ಸಾಹೇಬ್ರೆ, ಮಾರಿದಂಗ. ಮಾವ ಕೊಟ್ಟ ದಾರಿ ನಾ ಮಾರ್ಲೇನು?"

"ಆಕಿ ಹೇಳೋದು ಬರೋಬ್ಬರಿ ಅದ," ಎಂದರು ಸಿದ್ರಾಮಪ್ಪ. "ನಮ್ಮಪ್ಪ ನೀರು ಬಾಯಿಲೆ ಕೊಟ್ಟಾನ. ಅದಕ್ಕ ಕಾಗದ ಮಾಡಿದ್ರ ಅವನ ಮಾತಿಗೆ ಕಿಮ್ಮತ್ತೇನು ಉಳೀತು?"

"ಅಮ್ಮಾ, ನಿಮಗೆ ಅನುಕೂಲ ಆಗಲಿ ಅಂತ ಹೇಳ್ತಿದ್ದೀನಿ. ಒಂದು ಹೆಬ್ಬೆಟ್ಟು ಸಾಕು."

"ಗೊತ್ತದ್ರಿ. ನೀವು ಭಾಳ ಛಲೋ ಮನಷ್ಯಾರು. ಆದ್ರ ಬ್ಯಾಡ್ರಿ."

ಅಧಿಕಾರಿ ಕನ್ನಡಕ ತೆಗೆದು ಮುಂದಿದ್ದ ಹಾಳೆಗಳನ್ನು ಮಡಚಿದರು. "ನನ್ನ ಹತ್ತಿರ ಇರೋ ದರಪಟ್ಟಿಯಲ್ಲಿ ಬಾಯಿಮಾತಿಗೆ ಜಾಗ ಇಲ್ಲ," ಎಂದರು. ಖಣಿಯ ಮೋಟಾರು ಕಾರ್ಖಾನೆಯ ವರ್ಗಕ್ಕೆ ಸೇರಿತು. ಅಧಿಕಾರಿ ಅಲ್ಲಿಂದಲೇ ಜೀಪಿನಲ್ಲಿ ಚಿಂಚೋಳಿಗೆ ಹೊರಟರು. ಆ ಭಾಗದ ಹಲವು ಹಳ್ಳಿಗಳಿಗೆ ಕರೆಂಟಿನ ಕಂಬಗಳೇ ಇನ್ನೂ ಮುಟ್ಟಿರಲಿಲ್ಲ. ಖಣಿಯ ಇಬ್ಬರೂ ಸಂಜೆಯ ಗಾಡಿಗೆ ಊರಿಗೆ ಮರಳಿದರು. ವರದಿ ಬರೆಯಲೆಂದು ನಾನು ಸೇಡಂನಲ್ಲೇ ಉಳಿದೆ.

ಹಿಂದಿರುಗುವಾಗ ಚಿತ್ತಾಪುರದಲ್ಲಿ ಇಳಿದು ಮತ್ತೆ ಖಣಿಗೆ ಹೋದೆ. ಮೋಟಾರಿನ ಸದ್ದಿರಲಿಲ್ಲ. ಕಾಲುವೆಯ ಫರಸಿಗಳು ಆಗಲೇ ಬಿಳಿಚಿದ್ದವು. ಹುಸೇನ್‌ಬೀಯ ಹೊಲದ ಗಡಿಯಲ್ಲಿ ಎತ್ತು ಬಿಚ್ಚಿದ ಬಂಡಿಗಳು ನಿಂತಿದ್ದವು. ಆಳುಗಳು ಫರಸಿಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು, ಕಲ್ಲುಚೂರಿನ ದಿಬ್ಬ ಹತ್ತಿ ಇಳಿದು, ಹೊಲವನ್ನು ಸುತ್ತುಹಾಕಿ ರಸ್ತೆಗೆ ಸಾಗಿಸುತ್ತಿದ್ದರು. ಆಕೆ ದಾರಿ ಮುಚ್ಚಿಸಿರಬೇಕೆಂದು ನಾನು ತಿಳಿದೆ. ಆದರೆ ಹೊಲದ ದಾರಿ ತೆರೆದೇ ಇತ್ತು.

ಹುಸೇನ್‌ಬೀ ಬದುವಿನ ಮೇಲೆ ನಿಂತು ಕೂಗುತ್ತಿದ್ದಳು: "ಸಾವ್ಕಾರ್ರೆ, ಆ ಹುಡುಗೂರ ಕುತ್ಗಿ ಮುರಿತಾವ. ನಾ ದಾರಿಗೆ ಮುಳ್ಳು ಹಚ್ಚೀನೇನು? ಬಂಡಿ ಹೊಡೀರಿ!"

ದಿಬ್ಬದ ಮೇಲಿಂದ ಸಿದ್ರಾಮಪ್ಪ ಉತ್ತರ ಕೊಟ್ಟರು. "ನೀರು ನಿಂತ ಮ್ಯಾಲ ದಾರಿ ನಮ್ದಲ್ಲ, ಆಪಾ."

"ನಾ ಅಂದೀನೇನು ಹಂಗ?"

"ನೀ ಅನಬೇಕಂತಿಲ್ಲ."

ಆಕೆ ತೋಟಕ್ಕೆ ಇಳಿದು, ಇನ್ನೂ ಗೇಣುದ್ದವೂ ಬೆಳೆಯದ ಕೊತ್ತಂಬರಿಯನ್ನು ಒಣಗುವ ಮೊದಲೇ ಕೀಳತೊಡಗಿದಳು. ರಸ್ತೆಗೆ ಬಂದು ತಿರುಗಿ ನೋಡಿದೆ. ದಿಬ್ಬದ ಆಚೆ ಕಲ್ಲು ಹೊತ್ತ ತಲೆಗಳು ಸಾಲಾಗಿ ಏರಿ ಇಳಿಯುತ್ತಿದ್ದವು. ಹೊಲದ ನಡುವೆ ಗಾಲಿಗಳು ಕೊರೆದ ಜಾಡು ಖಾಲಿ ಬಿದ್ದಿತ್ತು.