ಬಾಗಿಲ ಕಡೆ ಮುಖ ಮಾಡಿದ ಚಪ್ಪಲಿಗಳು

ಟೀಚರರ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ಸ್ವಲ್ಪ ದೂರ ಸರಿದು ತನ್ನ ಪಾಡಿಗೆ ತಾನು ನಿಂತಿರುತ್ತಿತ್ತು. ಆ ಬೆರಳಿಗೊಂದು ಕೆಲಸವಿತ್ತು. ಎರಡೂ ಕೈಯಲ್ಲಿ ಸಾಮಾನಿನ ಚೀಲ ಹಿಡಿದು ಬಾಗಿಲ ಒಳಗೆ ನಿಂತವರು, ಬೆನ್ನು ಬಗ್ಗಿಸದೆ, ಅದೇ ಬೆರಳಿನಿಂದ ಚಪ್ಪಲಿಯ ಪಟ್ಟಿ ಹಿಡಿದು ತಿರುಗಿಸಿ ಒಂದರ ಪಕ್ಕ ಒಂದನ್ನು ಸಾಲಾಗಿ ಇಡುತ್ತಿದ್ದರು. ತಮ್ಮದು, ನನ್ನದು, ನನ್ನ ಗಂಡನದು, ಶುಕ್ರವಾರವಾದರೆ ಪಾಠಕ್ಕೆ ಬರುವ ಮಕ್ಕಳದ್ದು. ಎಲ್ಲದರ ತುದಿಯೂ ಬಾಗಿಲ ಕಡೆಗೆ.

"ಎಂತಕ್ಕೆ ಟೀಚರ್ ಹೀಗೆ?" ಎಂದು ಕೇಳಿದ್ದೆ.

"ಓಡುವಾಗ ತಿರುಗಲಿಕ್ಕೆ ಟೈಮ್ ಇರುವುದಿಲ್ಲ, ಸಿಸ್ಟರ್" ಅಂದಿದ್ದರು. ಆಮೇಲೆ ನಕ್ಕು, "ಹೆದರಿಕೆ ಇರಲಿ. ಚಪ್ಪಲಿ ಸರಿ ಇರಲಿ" ಅಂದರು. ಅದು ಅವರ ಗಾದೆಯಾಗಿತ್ತು. ನನ್ನ ಗಂಡನಿಗೆ ಕೆಮ್ಮು ಬಂದರೂ ಅದನ್ನೇ ಹೇಳುತ್ತಿದ್ದರು.

ನಾನು ಪುಕ್ಕಲಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಶಿರ್ವದಲ್ಲಿ ದನ ಅಡ್ಡ ಬಂದರೆ ಹೆದರುತ್ತಿದ್ದವಳು, ಅಬುಧಾಬಿಗೆ ಬಂದ ಮೇಲೆ ಬಿಳಿ ನಿಲುವಂಗಿಯ ಅರಬರು ಲಿಫ್ಟಿನಲ್ಲಿ ಸಿಕ್ಕಿದರೂ ಬೆವರುತ್ತಿದ್ದೆ. ಅದಕ್ಕೆ ಕಾರಣವೂ ಇತ್ತು. ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಫ್ಲ್ಯಾಟು. ಬೆಡ್‌ರೂಮಿನಲ್ಲಿ ನಾವಿಬ್ಬರು. ಹಾಲಿಗೆ ಪ್ಲೈವುಡ್ ಹೊಡೆದು ಪಾರ್ಟಿಶನ್ ಮಾಡಿ ಹೆಂಗಸರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಕಾನೂನಿಗೆ ವಿರುದ್ಧ, ನಿಜ. ಆದರೆ ಆ ಕಾಲದಲ್ಲಿ ಹಾಗೆ ಮಾಡದ ಮನೆಯನ್ನು ಆ ಗಲ್ಲಿಯಲ್ಲಿ ದುರ್ಬೀನು ಹಾಕಿ ಹುಡುಕಬೇಕಿತ್ತು. ಬಲದಿಯಾ, ಅಂದರೆ ಮುನ್ಸಿಪಾಲಿಟಿಯವರು, ತಪಾಸಣೆಗೆ ಬರುತ್ತಾರೆ ಎಂಬ ಸುದ್ದಿ ವಾರಕ್ಕೊಮ್ಮೆ ಹುಟ್ಟುತ್ತಿತ್ತು. ಬಂದರೆ ಕೆಳಗಿನ ವಾಚ್‌ಮನ್ ಎರಡು ಮಿಸ್ಡ್ ಕಾಲ್ ಕೊಡಬೇಕು ಎಂದು ಮಾತಾಗಿತ್ತು. ಫೋನ್ ಎರಡು ಸಲ ಗುರ್ ಅಂದರೆ ನಾನು ಮೊದಲು ಲೈಟು ಆರಿಸಿ, ಆಮೇಲೆ ಯಾರ ಕರೆ ಎಂದು ನೋಡುತ್ತಿದ್ದೆ.

ಟೀಚರ್ ನಮಗೆ ಸಿಕ್ಕಿದ್ದು ಇಗರ್ಜಿಯಲ್ಲಿ, ಇಲ್ಲಿಯ ಚರ್ಚಿನಲ್ಲಿ. ಆಗ ರಜೆ ಶುಕ್ರವಾರ, ಆ ದಿನದ ಪೂಜೆಗೆ ನಾವು ಕೊಂಕಣಿಯವರೂ ಫಿಲಿಪೀನ್ಸಿನವರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಟೀಚರ್ ಫಿಲಿಪೀನ್ಸಿನವರು. ತಮ್ಮ ದೇಶದಲ್ಲಿ ಹೈಸ್ಕೂಲಿನ ಟೀಚರ್ ಆಗಿದ್ದವರು ಇಲ್ಲೊಂದು ನರ್ಸರಿಯಲ್ಲಿ ಮಕ್ಕಳ ಮೂಗು ಒರೆಸುವ ಕೆಲಸದಲ್ಲಿದ್ದರು. ಕಿಟಕಿ ಪಕ್ಕದ ಪಾರ್ಟಿಶನ್ ಅವರಿಗೆ ಕೊಟ್ಟೆ. ನಮ್ಮ ಮಾತುಕತೆ ಇಂಗ್ಲಿಷು, ಹಿಂದಿ, ಚೂರು ಅರಬ್ಬಿ ಬೆರೆತ ಗಲ್ಫಿನ ಭಾಷೆಯಲ್ಲಿ. ನನ್ನಿಂದ ಒಂದೇ ಒಂದು ಶಬ್ದ ಕಲಿತರು, "ಎಂತ". ಅದರಲ್ಲೇ ಸಿಟ್ಟು, ಪ್ರೀತಿ, ಆಶ್ಚರ್ಯ ಎಲ್ಲ ತೋರಿಸುತ್ತಿದ್ದರು.

ಬಂದು ಆರು ತಿಂಗಳಾಗುವಷ್ಟರಲ್ಲಿ ಅನುಮತಿ ಕೇಳಿದರು. ಶುಕ್ರವಾರ ಮಧ್ಯಾಹ್ನ ನಾಲ್ಕೈದು ಮಕ್ಕಳು ಬರುತ್ತಾರೆ, ಪಾಠ ಹೇಳುತ್ತೇನೆ ಎಂದರು. ಟ್ಯೂಶನ್‌ಗೂ ಇಲ್ಲಿ ಪರವಾನಗಿ ಬೇಕು. ಅದಕ್ಕಿಂತ ದೊಡ್ಡ ಸಂಗತಿ ಬೇರೆಯೇ ಇತ್ತು. ಆ ಮಕ್ಕಳಿಗೆ ಶಾಲೆ ಇರಲಿಲ್ಲ, ಯಾಕೆಂದರೆ ಕಾಗದವೇ ಇರಲಿಲ್ಲ. ವೀಸಾ ಮುಗಿದ ಮೇಲೂ ಉಳಿದುಕೊಂಡ ತಾಯಂದಿರಿಗೆ ಬಾಡಿಗೆ ರೂಮುಗಳಲ್ಲಿ ಹುಟ್ಟಿದ ಮಕ್ಕಳು ಅವು. ಸರಕಾರದ ಲೆಕ್ಕದಲ್ಲಿ ಹುಟ್ಟೇ ಇಲ್ಲ.

ನನ್ನ ಗಂಡ ರೂಮಿನ ಬಾಗಿಲು ಹಾಕಿ, "ನಿಂಗೆ ತಲೆ ಸರಿ ಉಂಟಾ ಮಾರಾಯ್ತಿ? ಸಿಕ್ಕಿಬಿದ್ರೆ ನನ್ನ ಕೆಲಸ, ನಿನ್ನ ಆಸ್ಪತ್ರೆ ಕೆಲಸ ಎರಡೂ ಖಲಾಸ್" ಎಂದರು.

"ನಾನೇ ಬೇಡ ಹೇಳ್ತೇನೆ, ನೀವು ಸುಮ್ನಿರಿ" ಅಂದೆ. ಹೇಳಲು ಹೊರಗೆ ಬಂದರೆ ಬಾಗಿಲಲ್ಲಿ ಪುಟ್ಟ ಗುಲಾಬಿ ಚಪ್ಪಲಿ ಕಂಡಿತು, ತುದಿ ಬಾಗಿಲ ಕಡೆಗೆ. ಅದರ ಒಡತಿ ಏಂಜಲ್, ಆಗ ಆರು ವರ್ಷದವಳು, ಆಗಲೇ ಬಂದು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ನನ್ನ ಬಾಯಿಂದ "ಜ್ಯೂಸ್ ಬೇಕಾ?" ಎಂದು ಬಂತು. ನನ್ನ ಗಂಡ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಟೀಚರ್ ಲೆಕ್ಕ, ಇಂಗ್ಲಿಷು, ತಮ್ಮ ಭಾಷೆ ಎಲ್ಲ ಕಲಿಸುತ್ತಿದ್ದರು. ಕೊನೆಯ ಅರ್ಧ ಗಂಟೆ ಮಾತ್ರ ಒಬ್ಬ ಮನುಷ್ಯನಿಗೆ ಮೀಸಲು. ಅವರ ದೇಶದ ವೀರ. ಗೋಡೆ ತೆಳು ಎಂದು ಟೀಚರ್ ಅವನ ಹೆಸರು ಹೇಳದೆ "ಡಾಕ್ಟರ್" ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಅವನು ಕಣ್ಣಿನ ವೈದ್ಯ. ಸ್ಪೇನಿನವರು ಆ ದೇಶ ಆಳುತ್ತಿದ್ದಾಗ ಎರಡು ಕಾದಂಬರಿ ಬರೆದು ಅಧಿಕಾರಿಗಳ, ಪಾದ್ರಿಗಳ ದಬ್ಬಾಳಿಕೆಯನ್ನು ಬಯಲು ಮಾಡಿದ. ಹೊರದೇಶದಲ್ಲಿ ಸುಖವಾಗಿದ್ದವನು, ಗೆಳೆಯರು ಬೇಡ ಬೇಡ ಎಂದರೂ ಊರಿಗೆ ಮರಳಿದ. ಅವನನ್ನು ಗುಂಡಿಕ್ಕಿ ಕೊಂದರು.

ಪಾದ್ರಿಗಳ ವಿಷಯ ಕೇಳಿದವಳೇ ಕಿಟಕಿ ಹಾಕಿ ಬಂದೆ. "ಟೀಚರ್, ಅದೊಂದು ಬಿಟ್ಟು ಬೇರೆ ಎಂತಾದರೂ ಹೇಳಿ. ನಮ್ಮ ಫಾದರ್‌ಗೆ ಗೊತ್ತಾದ್ರೆ?"

"ಕಾನೂನು ಬಂದಾಗ ನಮ್ಮ ಚರ್ಚಿನವರೂ ಹೀಗೇ ಹೆದರಿದ್ದರು, ಸಿಸ್ಟರ್. ಈಗ ಅವರ ಶಾಲೆಯಲ್ಲೇ ಪಾಠ ನಡೆಯುತ್ತದೆ."

"ಎಂತ ಕಾನೂನು?"

"ನಮ್ಮ ದೇಶದ ಪ್ರತಿ ಶಾಲೆಯಲ್ಲೂ ಡಾಕ್ಟರರ ಬದುಕು, ಬರಹ ಕಲಿಸಲೇಬೇಕು ಎಂದು ಕಾನೂನು."

"ಇದು ಶಾಲೆ ಅಲ್ಲ, ನನ್ನ ಹಾಲ್" ಎಂದು ರೇಗಿದೆ.

ಟೀಚರ್ ಮೆಲ್ಲಗೆ, "ಈ ಮಕ್ಕಳಿಗೆ ಬೇರೆ ಶಾಲೆ ತೋರಿಸಿ, ಅಲ್ಲಿ ಹೋಗಿ ಕಲಿಸುತ್ತೇನೆ" ಅಂದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ.

ಡಿಸೆಂಬರ್ ಕೊನೆಯಲ್ಲಿ ಡಾಕ್ಟರ್ ಸತ್ತ ದಿನ. ಅವರ ಊರಿನ ಶಾಲೆಗಳಲ್ಲಿ ಮಕ್ಕಳು ಆ ಸಾವನ್ನು ಆಡಿ ತೋರಿಸುತ್ತಾರಂತೆ. ದ್ರೋಹಿ ಎಂದು ಅವನನ್ನು ಬಂದೂಕಿಗೆ ಬೆನ್ನು ಹಾಕಿ ನಿಲ್ಲಿಸಿದ್ದರು. ಗುಂಡು ಹಾರಿದ ಕ್ಷಣದಲ್ಲಿ ಅವನು ಮೈ ತಿರುಗಿಸಿ, ಮುಖ ಆಕಾಶಕ್ಕೆ ಮಾಡಿ ಬಿದ್ದ. ನಮ್ಮ ಹಾಲಿನಲ್ಲೂ ಅದು ನಡೆಯಲೇಬೇಕು. ಆದರೆ ಸದ್ದಾಗಬಾರದು, ಕೆಳಗಿನ ಮನೆಯವರು ಮೇಲೆ ಬಂದರೆ ಕಷ್ಟ. ಅದಕ್ಕೆ ನನ್ನ ಹಾಸಿಗೆಯನ್ನೇ ತಂದು ಹಾಸುತ್ತಿದ್ದರು. ಡಾಕ್ಟರ್ ಪಾತ್ರ ಪ್ರತಿ ವರ್ಷ ಏಂಜಲಳಿಗೆ. ಬೆಕ್ಕಿನಂತೆ ಸದ್ದಿಲ್ಲದೆ ಬೀಳಲು ಅವಳಿಗೊಬ್ಬಳಿಗೇ ಬರುತ್ತಿತ್ತು. ಉಳಿದವರು ಪಿಸುಮಾತಿನಲ್ಲಿ "ಠೋ" ಅನ್ನುತ್ತಿದ್ದರು.

ಒಂದು ವರ್ಷ ಅವಳು ಬಿದ್ದದ್ದೇ ತಡ, ಕರೆಗಂಟೆ ಸದ್ದಾಯಿತು. ಮಿಸ್ಡ್ ಕಾಲ್ ಬಂದಿರಲಿಲ್ಲ. ಉಳಿದ ಮಕ್ಕಳು ಮಿಂಚಿನಂತೆ ಚಪ್ಪಲಿ ಮೆಟ್ಟಿ ಸಾಲಾಗಿ ನಿಂತವು. ಯೇಸುವೇ, ಇವತ್ತು ಮುಗಿಯಿತು ನಮ್ಮ ಕಥೆ ಎಂದುಕೊಂಡೆ. ಟೀಚರೇ ಹೋಗಿ ಬಾಗಿಲನ್ನು ಚೂರು ತೆರೆದರು. ನೀರಿನ ಕ್ಯಾನ್ ತರುವವನು ನಿಂತಿದ್ದ.

ಅವನು ಹೋದ ಮೇಲೂ ಏಂಜಲ್ ಹಾಸಿಗೆಯಿಂದ ಏಳಲಿಲ್ಲ. ಅಂಗಾತ ಮಲಗಿ ಕಣ್ಣು ಬಿಟ್ಟುಕೊಂಡೇ ಇದ್ದಳು. "ಏಳು ಮಗಾ, ನೀರಿನವನು ಅಷ್ಟೇ" ಅಂದೆ.

ಅವಳು ಇಂಗ್ಲಿಷಿನಲ್ಲಿ, "ನಾನು ಸತ್ತಿದ್ದೇನೆ ಆಂಟಿ. ಸತ್ತವರಿಗೆ ವೀಸಾ ಬೇಡ ಅಲ್ವಾ?" ಎಂದಳು.

ಮಕ್ಕಳು ಬಾಯಿಗೆ ಕೈ ಇಟ್ಟು ನಕ್ಕವು. ಟೀಚರೂ ನಕ್ಕರು. ನನಗೆ ನಗು ಬರಲಿಲ್ಲ, ಅವಳ ಕೈ ಹಿಡಿದು ಎಬ್ಬಿಸಿದೆ.

ಆಮೇಲೆ ಬಂತು ಆಮ್ನೆಸ್ಟಿ. ವೀಸಾ ಇಲ್ಲದವರು ಇಷ್ಟು ತಿಂಗಳೊಳಗೆ ಬಂದು ಹೇಳಿಕೊಂಡರೆ ದಂಡವಿಲ್ಲ, ಜೈಲಿಲ್ಲ, ಊರಿಗೆ ಹೋಗಬಹುದು ಎಂದು ಸರಕಾರ ಹೇಳಿತು. ಏಂಜಲಳ ತಾಯಿ ಹೆದರಿ ಹೆದರಿ ಕೊನೆಗೂ ಮನಸ್ಸು ಮಾಡಿದಳು. ಎಂಬೆಸಿಯವರು ಮಗುವಿಗೆ ಪ್ರಯಾಣದ ಕಾಗದ ಕೊಡಲು ಒಪ್ಪಿದರು. ಬೇಕಾದದ್ದು ಮಗುವಿನ ಫೋಟೋ, ಬೆರಳಿನ ಗುರುತು. ಆದರೆ ಮಗು ಒಪ್ಪಲಿಲ್ಲ. ಫೋಟೋ ಸ್ಟುಡಿಯೋದಿಂದ ಓಡಿ ನಮ್ಮ ಫ್ಲ್ಯಾಟಿಗೆ ಬಂದು ವಾಶಿಂಗ್ ಮೆಶಿನ್ ಹಿಂದೆ ಅಡಗಿ ಕೂತಳು. ತಾಯಿ ಹಿಂದೆಯೇ ಅಳುತ್ತಾ ಬಂದಳು. ಕೊನೆಯ ದಿನ ಹತ್ತಿರ ಬಂದಿತ್ತು. ಅದು ತಪ್ಪಿದರೆ ಹುಡುಗಿಗೆ ಇನ್ನೆಷ್ಟು ವರ್ಷ ಈ ಗೋಡೆಗಳ ನಡುವೆಯೋ, ದೇವರೇ ಬಲ್ಲ.

ಟೀಚರ್ ಕೆಲಸದಿಂದ ಬಂದವರು ನೆಲದಲ್ಲಿ ಕೂತು, "ಎಂತ ಏಂಜಲ್?" ಎಂದು ಕೇಳಿದರು.

ಮೆಶಿನ್ ಹಿಂದಿನಿಂದ ದನಿ ಬಂತು. "ನಾನು ಊರಿಗೆ ಹೋಗುವುದಿಲ್ಲ, ಮ್ಯಾಮ್. ಡಾಕ್ಟರ್ ಊರಿಗೆ ಹೋದರಲ್ಲ? ಎಲ್ಲರೂ ಬೇಡ ಅಂದರೂ ಹೋದರಲ್ಲ? ಶೂಟ್ ಮಾಡಿದರಲ್ಲ?" ಆಮೇಲೆ, "ಪ್ರತಿ ವರ್ಷ ನಾನೇ ಬಿದ್ದದ್ದು" ಎಂದಳು.

ಟೀಚರರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಅವರು ಹಾಗೆ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಂಟೆ ಸದ್ದಾದಾಗ ಹೆದರದವರು ಒಂದು ಮಗುವಿನ ಮಾತಿಗೆ ಹೆದರಿದರು. ಎದ್ದು ಬಾಗಿಲ ಹತ್ತಿರ ಹೋಗಿ ಚಪ್ಪಲಿಗಳ ಪಕ್ಕ ಕುಕ್ಕರಿಸಿದರು. ನಾನು ಹಿಂದೆ ಹೋದೆ.

"ನಮ್ಮಲ್ಲಿ ಅವನ ಸಾವು ಕಲಿಸಿದರೆ ಸಾಕು, ಸಿಸ್ಟರ್" ಅಂದರು. "ಉಳಿದದ್ದನ್ನು ಊರೇ ಕಲಿಸುತ್ತದೆ. ಮಕ್ಕಳು ಶಾಲೆ ಬಿಟ್ಟು ಬಂದರೆ ಅವನ ಹೆಸರಿನ ರಸ್ತೆ. ಅವನ ಪ್ರತಿಮೆ ಕೆಳಗೆ ಕೂತು ಐಸ್ ತಿನ್ನುತ್ತವೆ. ಇವಳಿಗೆ ಎಂತ ಉಂಟು? ಇವಳು ತನ್ನ ದೇಶವನ್ನು ನೋಡಿಲ್ಲ. ಆ ದೇಶದ ಬಗ್ಗೆ ನಾನು ಹೇಳಿಕೊಟ್ಟದ್ದು ಇದೊಂದೇ. ಹೋದವನನ್ನು ಕೊಂದರು."

ಹೆದರುವುದು ನನ್ನ ಕಸುಬು, ಧೈರ್ಯ ಹೇಳುವುದು ಗೊತ್ತಿಲ್ಲ. ಪಕ್ಕದಲ್ಲಿ ಕೂತುಕೊಂಡೆ. ಅಷ್ಟು ಮಾತ್ರ ಗೊತ್ತಿತ್ತು.

ಆಮೇಲೆ ಟೀಚರ್ ಎದ್ದು, ಪರ್ಸಿನ ಮೂಲೆಯಿಂದ ತಮ್ಮ ದೇಶದ ಒಂದು ಪೆಸೊ ನಾಣ್ಯ ಹುಡುಕಿ ತೆಗೆದು ಮೆಶಿನಿನ ಸಂದಿಯಲ್ಲಿ ಉರುಳಿಸಿದರು. "ಯಾರಿದ್ದಾರೆ ಅದರಲ್ಲಿ?"

"ಡಾಕ್ಟರ್" ಎಂದು ದನಿ ಬಂತು.

"ಅವನನ್ನು ಕೊಂದವರು ಹೋಗಿ ಎಷ್ಟೋ ಕಾಲ ಆಯ್ತು. ಅವನೀಗ ನಮ್ಮ ದೇಶದಲ್ಲಿ ಎಲ್ಲರ ಜೇಬಿನಲ್ಲಿದ್ದಾನೆ. ಅವನನ್ನು ಕೊಟ್ಟರೆ ಅಂಗಡಿಯವಳು ಮಿಠಾಯಿ ಕೊಡುತ್ತಾಳೆ. ಅಲ್ಲಿ ನಿನ್ನನ್ನು ಹೆದರಿಸುವವರು ಯಾರು?"

ಹುಡುಗಿ ಹೊರಗೆ ಬಂದಳು, ಆದರೆ ಒಪ್ಪಲಿಲ್ಲ. ಟೀಚರ್ ಆ ವಾರವೆಲ್ಲ ಕೆಲಸದಿಂದ ಬಂದು ದಿನಾ ಸಂಜೆ ಅವಳಿಗೊಬ್ಬಳಿಗೇ ಪಾಠ ಮಾಡಿದರು. ಡಾಕ್ಟರರ ಸಾವು ಬಿಟ್ಟು ಉಳಿದದ್ದೆಲ್ಲ. ಅವನು ತಾಯಿಯ ಮಡಿಲಲ್ಲಿ ಕೂತು ಓದಲು ಕಲಿತದ್ದು. ದೂರದ ದ್ವೀಪಕ್ಕೆ ಗಡೀಪಾರಾದಾಗ ಅಲ್ಲಿಯ ಹುಡುಗರಿಗೆ ಶಾಲೆ ತೆರೆದದ್ದು. ಹುಡುಗನಾಗಿದ್ದಾಗ ದೋಣಿಯಿಂದ ಒಂದು ಚಪ್ಪಲಿ ನೀರಿಗೆ ಬಿತ್ತಂತೆ. ಅವನು ಇನ್ನೊಂದನ್ನೂ ಎಸೆದನಂತೆ, ಸಿಕ್ಕಿದವರಿಗೆ ಜೋಡಿ ಸಿಗಲಿ ಎಂದು.

"ಹಾಗಾದ್ರೆ ಮನೆಗೆ ಬರಿಗಾಲಲ್ಲಿ ಹೋದ್ರಾ?" ಎಂದು ಕೇಳಿದಳು ಏಂಜಲ್.

"ಹೌದು, ಮನೆಗೆ ಅಲ್ವಾ?" ಅಂದರು ಟೀಚರ್. "ಮನೆಗೆ ಹೋಗುವವರು ಓಡಬೇಕಾಗಿಲ್ಲ."

ಹುಡುಗಿ ಮರುದಿನ ಫೋಟೋ ತೆಗೆಸಿಕೊಂಡಳು. ಮುಷ್ಟಿಯಲ್ಲಿ ನಾಣ್ಯ ಇತ್ತಂತೆ.

ಆಮ್ನೆಸ್ಟಿ ಆಫೀಸಿಗೆ ನಾವೇ ಕರೆದುಕೊಂಡು ಹೋದೆವು. ನನ್ನ ಗಂಡ ಕಾರು ಬಿಟ್ಟರು, ದಾರಿಯುದ್ದಕ್ಕೂ ನಾನು ಜಪಸರ ತಿರುಗಿಸಿದೆ. "ಇಷ್ಟು ವರ್ಷ ಎಲ್ಲಿದ್ರಿ ಎಂದು ಕೇಳಿದರೆ ನಮ್ಮ ಹೆಸರು ಹೇಳುವುದಾ?" ಎಂದು ಗಂಡನನ್ನು ಕೇಳಿದೆ. "ಹೇಳಲಿ ಬಿಡು ಮಾರಾಯ್ತಿ, ಎಂತ ಮಾಡುವುದು" ಅಂದರು ಆ ಮನುಷ್ಯ, ಎರಡು ದಿನ ಮಾತು ಬಿಟ್ಟವರು! ಯಾರೂ ಏನೂ ಕೇಳಲಿಲ್ಲ. ಕೌಂಟರಿನಲ್ಲಿದ್ದ ಹೆಂಗಸು ಏಂಜಲಳ ಬೆರಳು ಹಿಡಿದು ಗಾಜಿನ ಮೇಲೆ ಒತ್ತಿ, "ಶಾಬಾಶ್" ಎಂದಳು. ಹುಟ್ಟಿ ಹತ್ತು ವರ್ಷದ ಮೇಲೆ ಆ ಮಗು ಇದೆ ಎಂದು ಒಂದು ಆಫೀಸು ಒಪ್ಪಿಕೊಂಡಿತು. ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಗೊಳೋ ಎಂದು ಅತ್ತೆ. ಟೀಚರ್ ಅಳಲಿಲ್ಲ, ನನ್ನ ಕಾಲಿನಿಂದ ಜಾರಿದ ಚಪ್ಪಲಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಹತ್ತಿರ ತಳ್ಳಿದರು.

ಏಂಜಲ್, ಅವಳ ತಾಯಿ ಹೋದ ಮರುವರ್ಷ ಟೀಚರರ ನರ್ಸರಿ ಮುಚ್ಚಿತು. ಟೀಚರೂ ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ನನ್ನನ್ನು ತಬ್ಬಿಕೊಂಡು, "ಹೆದರಿಕೆ ಇರಲಿ, ಸಿಸ್ಟರ್" ಎಂದರು. ಮುಂದಿನದನ್ನು ನಾನೇ ಹೇಳಿ ಮುಗಿಸಿದೆ. ಅಲ್ಲಿ ಮತ್ತೆ ಶಾಲೆ ಸೇರಿದ್ದರಂತೆ. ಹೆಚ್ಚು ಕಾಲ ಇರಲಿಲ್ಲ. ಪಾಠ ಮಾಡಿ ಬಂದು ಕೂತವರು ಎದೆನೋವೆಂದು ಅಲ್ಲೇ ಹೋಗಿಬಿಟ್ಟರು.

ಸುದ್ದಿ ತಿಳಿಸಿದ್ದು ಏಂಜಲ್. ಅವರ ಕಡೆ ತೀರಿಕೊಂಡವರನ್ನು ಮನೆಯಲ್ಲೇ ಕೆಲವು ದಿನ ಇಟ್ಟು ಜನ ಬಂದು ಹಗಲು ರಾತ್ರಿ ಪಕ್ಕದಲ್ಲಿ ಕೂತು ಕಾಯುತ್ತಾರೆ. ಹುಡುಗಿ ತಾಯಿಯನ್ನು ಕರೆದುಕೊಂಡು ಇಡೀ ದಿನ ಬಸ್ಸಿನಲ್ಲಿ ಕೂತು ಅಲ್ಲಿಗೆ ಹೋಗಿದ್ದಳು. ಅಲ್ಲಿಂದ ನನ್ನ ಫೋನಿಗೆ ಒಂದು ಫೋಟೋ ಕಳಿಸಿದಳು. ಶವಪೆಟ್ಟಿಗೆಯದ್ದಲ್ಲ. ಮನೆ ಬಾಗಿಲಿನದ್ದು.

"ಎಂತದ್ದು ಇದು, ಬರೀ ಚಪ್ಪಲಿ?" ಎಂದರು ನನ್ನ ಗಂಡ.

"ತುದಿ ಯಾವ ಕಡೆ ಉಂಟು ನೋಡಿ" ಅಂದೆ.

ಬಂದ ಜನರ ಚಪ್ಪಲಿಗಳನ್ನೆಲ್ಲ ಅವಳು ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿದ್ದಳು. ಅಂಗಳದವರೆಗೂ ಇದ್ದವು. ಎಲ್ಲದರ ತುದಿಯೂ ಮನೆಯ ಒಳಗಡೆಗೆ. ಕೆಳಗೆ ಒಂದೇ ಸಾಲು ಬರೆದಿದ್ದಳು: "ಇಲ್ಲಿ ಯಾರೂ ಓಡುವುದಿಲ್ಲ, ಆಂಟಿ."

ಗಂಡ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನು ಎದ್ದು ನಮ್ಮ ಬಾಗಿಲಿಗೆ ಹೋಗಿ ನೋಡಿದೆ. ನಮ್ಮವು ಇನ್ನೂ ಹೊರಗಡೆಗೇ ತುದಿ ಮಾಡಿ ಕೂತಿದ್ದವು.